ಸುತ್ತು ಕೂತ ದಿನ ನನ್ನ ಕೈಗೆ ಬಂದ ತೆಂಗಿನಕಾಯಿ

ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಹಾಲಿನ ಪ್ಯಾಕೆಟ್ ಒಳಗೆ ತಂದಿಟ್ಟೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಮಂಡಿ ಬಗ್ಗದ ಕಾರಣ ಈಗ ನಾಲ್ಕೇ ಚುಕ್ಕಿ. ಯಜಮಾನರ ಕನ್ನಡಕದ ಸ್ಕ್ರೂ ಹುಡುಕಿದೆ, ಸಿಗಲಿಲ್ಲ, ದಾರ ಸುತ್ತಿ ಕೊಟ್ಟೆ. ಗ್ಯಾಸ್ ಬುಕ್ ಮಾಡಿದೆ. ಉಪ್ಪಿನ ಜಾಡಿ ತೊಳೆದು ಬಿಸಿಲಿಗಿಟ್ಟೆ. ಎರಡು ಸೀರೆಗೆ ಫಾಲ್ಸ್ ಹೊಲಿದೆ. ಮಧ್ಯಾಹ್ನ ನನ್ನ ಹಳೆಯ ಶಾಲೆಯ ಜಯಮ್ಮ ಬಂದು, ಎರಡು ತೆಂಗಿನಕಾಯಿ ಕೊಟ್ಟು, ಎರಡು ಲೋಟ ಕಾಫಿ ಕುಡಿದು, ಚೆನ್ನರಾಯಪಟ್ಟಣದ ಬಸ್ಸು ಹಿಡಿದರು. ಅವರು ಹೋದ ಮೇಲೆ ಈ ನೋಟ್‌ಬುಕ್ ತೆಗೆದೆ.

ಬರೆಯುತ್ತಿರುವುದು ಪಕ್ಕದ ಮನೆಯ ಸಹನಾಳಿಗೆ. ಅವಳಿಗೆ ಅರಕಲಗೂಡಿನ ಕಡೆ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಮೂರು ತಿಂಗಳಾಯಿತು. ಹೋದ ಭಾನುವಾರ ಬಂದು ಮುಖ ಇಳಿಬಿಟ್ಟುಕೊಂಡು ಕೂತಳು. “ಆಂಟಿ, ಒಂಬತ್ತನೇ ಕ್ಲಾಸಿನವರು ನನ್ನ ಮಾತೇ ಕೇಳಲ್ಲ. ಹೊಡೆಯೋ ಹಾಗಿಲ್ಲ, ಬಯ್ಯೋ ಹಾಗಿಲ್ಲ. ನೀವು ಸುತ್ತು ಕೂರಿಸಿ ಏನೋ ಕೇಳ್ತಿದ್ರಂತಲ್ಲ, ಆ ಪ್ರಶ್ನೆಗಳನ್ನ ಬರೆದುಕೊಡಿ.”

ಪ್ರಶ್ನೆ ಇರುವುದು ನಾಲ್ಕೇ. ಬಸ್ ಟಿಕೆಟಿನ ಬೆನ್ನ ಮೇಲೆ ಹಿಡಿಸುತ್ತವೆ. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಯಾರಿಗೆ ನೋವಾಯಿತು? ಅದನ್ನು ಸರಿಮಾಡಲು ಏನು ಮಾಡುತ್ತೀಯ? ತಗೋ, ಸಹನಾ, ಮುಗಿಯಿತು. ಆದರೆ ಈ ಪ್ರಶ್ನೆಗಳದ್ದು ಒಂದು ಕೆಟ್ಟ ಚಾಳಿ ಇದೆ. ಮಕ್ಕಳನ್ನು ಕೇಳಿ ಮುಗಿಸಿದ ಮೇಲೆ ಅವು ಕೇಳಿದವರ ಕಡೆ ತಿರುಗುತ್ತವೆ. ಅದನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಗಿದೆ.

ನಾನು ಕೆಲಸಕ್ಕೆ ಸೇರಿದ್ದು ರಾಮನಾಥಪುರದ ಹತ್ತಿರದ ಒಂದು ಊರಿನಲ್ಲಿ. ಹೊಗೆಸೊಪ್ಪಿನ ಸೀಮೆ. ಸೊಪ್ಪು ಪೋಣಿಸಿ, ಒಣಗಿಸುವ ಬ್ಯಾರನ್ನಿನೊಳಗೆ ನೇತುಹಾಕುವ ಕೋಲುಗಳು ಮನೆಮನೆಯಲ್ಲೂ ಕಟ್ಟುಕಟ್ಟಾಗಿ ಬಿದ್ದಿರುತ್ತಿದ್ದವು. ಆಗಿನ ನಮ್ಮ ಹೆಡ್‌ಮಾಸ್ಟರು ಪ್ರತಿ ಜೂನ್‌ನಲ್ಲಿ ಮಕ್ಕಳಿಂದಲೇ ಅಂಥ ಕೋಲು ತರಿಸುತ್ತಿದ್ದರು. ಒಳ್ಳೆ ನಯವಾದ ಕೋಲು ತಂದವನಿಗೆ ಶಹಭಾಸ್ ಎಂದು, ಕೋಲು ಹೇಗಿದೆ ನೋಡೋಣವೆಂದು ಮೊದಲ ಏಟು ಅವನಿಗೇ ಕೊಡುತ್ತಿದ್ದರು. ಎರಡನೇ ವರ್ಷದಿಂದ ಎಲ್ಲರೂ ಮುರುಕಲು ಕೋಲುಗಳನ್ನೇ ತರತೊಡಗಿದರು. ಮಕ್ಕಳಿಗೆ ಬುದ್ಧಿ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ನಾನೂ ಹೊಡೆದಿದ್ದೇನೆ. ಹೊಡೆದದ್ದರಿಂದ ಒಂದು ಮಗುವಾದರೂ ಆಮ್ಲ, ಪ್ರತ್ಯಾಮ್ಲ ಕಲಿತದ್ದು ನನಗೆ ಗೊತ್ತಿಲ್ಲ. ಕೋಲಿನ ಸದ್ದಿಗೆ ಕಣ್ಣು ಮುಚ್ಚುವುದನ್ನು ಮಾತ್ರ ತಪ್ಪಿಲ್ಲದೆ ಕಲಿತವು.

ಆಮೇಲೆ ಹಳೇಕೋಟೆ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಕೋಲು ಮುಟ್ಟಬಾರದು ಎಂದು ಸುತ್ತೋಲೆ ಬಂದಿತ್ತು. ಕೋಲು ಬೀರುವಿನೊಳಗೆ ಹೋಯಿತು. ಬಾಯಿ ಹೊರಗೆ ಬಂತು. ಎಮ್ಮೆ, ದಂಡಪಿಂಡ, ಭೂಮಿಗೆ ಭಾರ. ಬಾಯಿಗೆ ಸುತ್ತೋಲೆ ಬರುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಅದೂ ಬಂದ ಮೇಲೆ ನಮ್ಮನ್ನೆಲ್ಲ ಹಾಸನಕ್ಕೆ ಎರಡು ದಿನದ ತರಬೇತಿಗೆ ಕರೆದರು. ಅಲ್ಲಿ ಈ ವಿಷಯಕ್ಕೆ ಒಂದು ಹೆಸರಿತ್ತು: ಪುನಃಸ್ಥಾಪನಾತ್ಮಕ ಶಿಸ್ತು ನಿರ್ವಹಣಾ ವಿಧಾನ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಜಗಳವಾಡಿದ ಹುಡುಗರು ರಾಜಿಯಾಗಿ ಮನೆಗೆ ಹೋಗಿರುತ್ತಾರೆ. ನಾವು ‘ಸುತ್ತು ಕೂರೋದು’ ಎಂದು ಕರೆದುಕೊಂಡೆವು. ತರಬೇತಿ ಕೊಟ್ಟ ಹುಡುಗಿ ನಿಜಕ್ಕೂ ಒಳ್ಳೆಯವಳು. ಒಂದು ಮೆತ್ತನೆಯ ಬಟ್ಟೆ ಚೆಂಡು ತಂದಿದ್ದಳು. ಎಲ್ಲರೂ ಸುತ್ತಲೂ ಕೂರಬೇಕು, ಚೆಂಡು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು, ಉಳಿದವರು ಕೇಳಬೇಕು. ನಲವತ್ತು ಜನ ಮೇಷ್ಟ್ರುಗಳಿಗೆ ಬಾಯಿ ಮುಚ್ಚಿಕೊಂಡು ಕೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಚೆಂಡಿಗೆ ಎರಡು ಬಣ ಹುಟ್ಟಿತ್ತು.

ಊರಿಗೆ ಬಂದು ಮೊದಲ ಸಲ ಸುತ್ತು ಕೂರಿಸಿದೆ. ಇಬ್ಬರು ಹುಡುಗಿಯರು ಜಡೆ ಹಿಡಿದು ಜಗಳವಾಡಿದ್ದರು. ನನ್ನ ಹತ್ತಿರ ಚೆಂಡಿರಲಿಲ್ಲ. ಮೇಜಿನ ಮೇಲೆ ಡಸ್ಟರ್ ಇತ್ತು. ತಗೋ ಮಗಾ, ಮಾತಾಡು ಎಂದು ಚಾಚಿದೆ. ಆ ಹುಡುಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಬಗ್ಗಿಬಿಟ್ಟಳು. ಪಕ್ಕದವಳೂ ಬಗ್ಗಿದಳು. ಸುತ್ತಲಿದ್ದ ಮೂವತ್ತು ತಲೆಗಳೂ ಬಗ್ಗಿದವು.

“ಯಾಕೆ?” ಎಂದೆ.

“ಎಸೀತೀರೇನೋ ಅನ್ಕಂಡೆ ಮಿಸ್.”

ಹದಿನಾಲ್ಕು ವರ್ಷ ನಾನು ಆ ಡಸ್ಟರನ್ನು ಯಾವುದಕ್ಕೆ ಬಳಸಿದ್ದೆ ಎಂದು ಆ ತಲೆಗಳು ಒಂದೇ ಸಲಕ್ಕೆ ಹೇಳಿದವು. ಅವತ್ತು ಜಡೆಜಗಳದ ಕಾರಣ ತಿಳಿಯಲಿಲ್ಲ. ನಗು ತಡೆಯಲಾರದೆ ಆ ಇಬ್ಬರೂ ರಾಜಿಯಾದರು, ಅಷ್ಟೇ. ನನ್ನ ವಿಧಾನ ಗೆದ್ದಿತೆಂದು ವರದಿಯಲ್ಲಿ ಬರೆದೆ.

ಇನ್ನು ಜಯಮ್ಮನ ವಿಷಯ. ನನ್ನ ಕೊನೆಯ ಶಾಲೆ ನುಗ್ಗೇಹಳ್ಳಿ ದಾಟಿ ಒಳಗೆ, ತೆಂಗಿನ ತೋಟಗಳ ನಡುವೆ. ಬೆಳಿಗ್ಗೆ ಏಳರ ಬಸ್ಸಿಗೆ ಹೊಳೇನರಸೀಪುರ ಬಿಟ್ಟರೆ ಒಂಬತ್ತೂವರೆಗೆ ಅಲ್ಲಿ. ಜಯಮ್ಮ ಅಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು. ಗಂಡನಿಲ್ಲದ ಹೆಂಗಸು, ಮಗಳ ಮದುವೆ ಮಾಡಿದ್ದರು, ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಹೆಡ್‌ಮಾಸ್ಟರು ಶ್ರೀಕಂಠಯ್ಯನವರು. ಮನುಷ್ಯ ಕೆಟ್ಟವರಲ್ಲ, ಆದರೆ ಅವರ ಪಾಲಿಗೆ ಜಗತ್ತು ಇದ್ದದ್ದು ವಹಿಗಳೊಳಗೆ. ಅಂಥ ವಹಿಗಳಲ್ಲಿ ಒಂದು ರುಚಿ ನೋಡುವ ವಹಿ. ಮಕ್ಕಳಿಗೆ ಬಡಿಸುವ ಮೊದಲು ಸರದಿಯ ಮೇಲೆ ಒಬ್ಬ ಟೀಚರ್ ಊಟ ಬಾಯಿಗಿಟ್ಟು ನೋಡಿ, ಹೇಗಿದೆ ಎಂದು ಬರೆದು ಸಹಿ ಹಾಕಬೇಕು.

ಒಂದು ಗುರುವಾರ ಸಾಂಬಾರಿಗೆ ಬಾಯಿಟ್ಟ ಮಕ್ಕಳೆಲ್ಲ ಥೂ ಥೂ ಎಂದು ಎದ್ದರು. ಉಪ್ಪು ಎಂದರೆ ಅಂಥಿಂಥ ಉಪ್ಪಲ್ಲ. ನಾಯಿ ಮೂಸಿ ಹಿಂದೆ ಸರಿಯಿತು. ನೂರ ಎಂಬತ್ತು ಮಕ್ಕಳು ಬರೀ ಅನ್ನ ತಿಂದು, ನಲ್ಲಿಗೆ ಮುತ್ತಿದರು. ಅರ್ಧ ಗಂಟೆಯೊಳಗೆ ಶಾಲಾ ಸಮಿತಿಯ ಅಧ್ಯಕ್ಷರು ಬೈಕಿನಲ್ಲಿ ಬಂದರು. ಅವರ ನಾದಿನಿ ಒಬ್ಬಳು ಅಡುಗೆ ಕೆಲಸಕ್ಕೆ ಕಾದು ಕೂತಿದ್ದಳೆಂಬುದು ಊರಿನ ನಾಯಿಗೂ ಗೊತ್ತಿತ್ತು.

“ಮಕ್ಕಳಿಗೆ ಇಸ ಆಕಿದ್ರೂ ಇಂಗೆ ನೋಡ್ಕಂಡ್ ಕುಂತಿರ್ತೀರೇನ್ ಸಾ? ಮೊದ್ಲು ಆಯಮ್ಮುನ್ನ ಬುಡ್ಸಿ.”

ಶ್ರೀಕಂಠಯ್ಯನವರು ವಹಿ ತೆಗೆದರು. ಅವತ್ತಿನ ಸಾಲಿನಲ್ಲಿ ‘ರುಚಿ, ಶುಚಿ ಉತ್ತಮ’ ಎಂದಿತ್ತು. ಕೆಳಗೆ ನನ್ನ ಸಹಿ.

“ನೋಡಿ, ಮೇಡಂ ರುಚಿ ನೋಡಿದಾಗ ಸಾಂಬಾರು ಸರಿಯಾಗೇ ಇದೆ. ಅಂದಮೇಲೆ ಬಡಿಸೋ ಹೊತ್ತಲ್ಲಿ ಮತ್ತೆ ಉಪ್ಪು ಹಾಕಿದ್ದು ಯಾರು? ಸೌಟು ಹಿಡಿದವರೇ. ದಾಖಲೆ ಸುಳ್ಳು ಹೇಳಲ್ಲ ಕಣ್ರೀ.”

ದಾಖಲೆ ಸುಳ್ಳು ಹೇಳಿತ್ತು. ನಾನು ರುಚಿ ನೋಡಿರಲಿಲ್ಲ. ಆ ವಾರ ನನ್ನ ಸರದಿ, ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವುದಿತ್ತು, ಅಡುಗೆಮನೆ ಮೈದಾನದ ಆ ತುದಿಗೆ, ನನ್ನ ಮಂಡಿ. ಸೋಮವಾರವೇ ಕೂತು ಶನಿವಾರದವರೆಗೆ ಆರು ದಿನದ ಸಹಿ ಒಟ್ಟಿಗೆ ಹಾಕಿಬಿಟ್ಟಿದ್ದೆ. ಇನ್ನೂ ಬೇಯದ ಶನಿವಾರದ ಉಪ್ಪಿಟ್ಟು ಕೂಡ ನನ್ನ ಪ್ರಕಾರ ಉತ್ತಮವಾಗಿತ್ತು. ಶ್ರೀಕಂಠಯ್ಯನವರು ಒಂದು ಸಾಲು ಕೆಳಗೆ ಕಣ್ಣು ಹಾಯಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅವರು ತಮಗೆ ಬೇಕಾದ ಸಾಲು ಓದಿ ವಹಿ ಮುಚ್ಚಿದರು, ಜಯಮ್ಮನನ್ನು ಕೆಲಸದಿಂದ ತೆಗೆಯುವುದಕ್ಕೆ ಮುಂಚೆ ವಿವರಣೆ ಕೇಳುವ ನೋಟಿಸು ಟೈಪ್ ಮಾಡಿಸಲು ಎದ್ದರು.

ನಾನು ಬಾಯಿ ಬಿಡಲಿಲ್ಲ. ಬದಲಿಗೆ ಜಾಣತನ ಮಾಡಿದೆ. “ಸಾರ್, ಇವತ್ತು ಸಾಂಬಾರಿನ ಪಾತ್ರೆ ಹೊತ್ತು ತಂದದ್ದು ಒಂಬತ್ತನೇ ಕ್ಲಾಸು. ನಾಳೆ ಅವರನ್ನ ಸುತ್ತು ಕೂರಿಸಿ ಕೇಳ್ತೀನಿ, ಆಮೇಲೆ ನೋಟಿಸು ಕೊಡಿ” ಎಂದೆ. ಮಕ್ಕಳಲ್ಲಿ ಯಾರಾದರೂ ಒಪ್ಪಿಕೊಂಡರೆ ಜಯಮ್ಮ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಅಷ್ಟು ಲೆಕ್ಕಾಚಾರ.

ಶುಕ್ರವಾರ ಮಧ್ಯಾಹ್ನ ಇಪ್ಪತ್ತಾರು ಮಕ್ಕಳು ನೆಲದ ಮೇಲೆ ಸುತ್ತಲೂ ಕೂತರು. ಜಯಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದು ಕೂತರು. ತಮಾಷೆ ನೋಡಲು ಬಂದ ಅಧ್ಯಕ್ಷರನ್ನೂ ಶ್ರೀಕಂಠಯ್ಯನವರನ್ನೂ ಬಿಡದೆ ಸುತ್ತಿನೊಳಗೆ ಕೂರಿಸಿದೆ. ಡಸ್ಟರಿನ ಪಾಠ ಮರೆತಿರಲಿಲ್ಲ. ಕೈಗೆ ಕೊಡಲು ಬೇರೆ ಏನಿದೆ ಎಂದು ನೋಡಿದೆ. ಶುಕ್ರವಾರವಲ್ಲವೇ, ಕೊನೆಯ ಪೀರಿಯಡ್ಡಿಗೆ ಸರಸ್ವತಿ ಪೂಜೆ. ತಟ್ಟೆಯಲ್ಲಿ ಜುಟ್ಟಿದ್ದ ತೆಂಗಿನಕಾಯಿ ಇತ್ತು. ದುಂಡಗಿದೆ, ಕೈಗೆ ಹಿಡಿಯುತ್ತದೆ, ಇದನ್ನು ಯಾರ ಮೇಲೂ ಎಸೆದಿಲ್ಲ. ಎತ್ತಿಕೊಂಡೆ.

ನಾನು ಅರ್ಚಕರ ಮನೆಯ ಮಗಳು. ನಮ್ಮಲ್ಲಿ ಕಾಯಿ ಎಂದರೆ ಪೂಜೆ, ಆಮೇಲೆ ಚಟ್ನಿ. ಆ ಊರಿನಲ್ಲಿ ಕಾಯಿಗೆ ಇನ್ನೊಂದು ಕೆಲಸವಿತ್ತು. ಹೊಲದ ಬದುವಿಗೆ ಜಗಳವಾದರೆ, ದನ ಕಳುವಾದರೆ, ಊರಮ್ಮನ ಗುಡಿ ಮುಂದೆ ಕಾಯಿ ಹಿಡಿದು ಆಣೆ ಮಾಡುತ್ತಾರೆ. ಕಾಯಿ ಹಿಡಿದು ಸುಳ್ಳು ಹೇಳಿದವನ ಮನೆ ಏಳಿಗೆಯಾಗುವುದಿಲ್ಲ. ಹನ್ನೊಂದು ವರ್ಷ ಅಲ್ಲಿ ಕೆಲಸ ಮಾಡಿದರೂ ನನಗೆ ಇದು ಹೊಳೆಯಲಿಲ್ಲ. ಸಂಜೆ ಬಸ್ಸು ಹಿಡಿದು ಊರಿಗೆ ಓಡುವವರಿಗೆ ಊರು ಎಷ್ಟು ಗೊತ್ತಿರುತ್ತದೆ?

ಮೊದಲು ನಾನು ಕಾಯಿ ಹಿಡಿದು, ಇಲ್ಲಿ ಯಾರಿಗೂ ಶಿಕ್ಷೆಯಿಲ್ಲ, ಮನಸ್ಸಿನಲ್ಲಿರುವುದನ್ನು ಹೇಳಿ, ನಾನು ಕೇಳಿಸಿಕೊಳ್ಳಲು ಇದ್ದೇನೆ ಎಂದೆಲ್ಲ ಪುಟ್ಟ ಭಾಷಣ ಮಾಡಿದೆ. ಪಕ್ಕದಲ್ಲಿದ್ದ ಮಂಜುನಾಥನಿಗೆ ಕೊಟ್ಟೆ. ಅವನು ಕಾಯಿ ನೋಡಿದ. ನನ್ನನ್ನು ನೋಡಿದ.

“ಮಿಸ್, ಗಣಿತ ಸಾರ್ ಬೈಕಿನ ಗಾಳಿ ಬುಟ್ಟಿದ್ದು ನಾನೇ ಮಿಸ್.”

ಬೈಕಿನ ವಿಷಯ ಯಾರು ಕೇಳಿದರು? ಪಕ್ಕದವನಿಗೆ ಹೋಯಿತು. “ನಾನೂ ಇದ್ದೆ ಮಿಸ್. ಇಂದ್ಲು ಚಕ್ರ ನಂದು.” ಅದರಾಚೆಯವಳು, “ಲೈಬ್ರರಿ ಪುಸ್ತಕ ಕಳ್ದಿಲ್ಲ ಮಿಸ್, ನಮ್ಮನೇಲೇ ಐತೆ.” ಇನ್ನೊಬ್ಬಳು, “ಓದ್ ವರ್ಸ ನಿಮ್ ಕೊಡೆ ಕಡ್ಡಿ ಮುರ್ದೋಯ್ತಲ್ಲ, ಗಾಳಿಗಲ್ಲ ಮಿಸ್ ಅದು, ನನ್ನಿಂದ.” ಒಬ್ಬ ಹುಡುಗ ಅಳುತ್ತ, ತಾನು ಏಳನೇ ಕ್ಲಾಸಿನಲ್ಲಿ ಮಾಡಿದ ಕಾಪಿಯನ್ನು ಈಗ ಒಪ್ಪಿಕೊಂಡ. ಎಂಥ ವಿಧಾನವಪ್ಪಾ ಇದು, ಹಾಸನದಲ್ಲಿ ಇಷ್ಟೊಂದು ಫಲ ಸಿಗುತ್ತದೆಂದು ಹೇಳಲೇ ಇಲ್ಲವಲ್ಲ ಎಂದುಕೊಂಡೆ.

ಕಾಯಿ ಅಧ್ಯಕ್ಷರ ಹತ್ತಿರ ಬಂತು. ಅವರು ಕೈ ಹಿಂದಕ್ಕೆಳೆದುಕೊಂಡರು.

“ನಾನ್ಯಾಕ್ ಮುಟ್ಲಿ? ನಂದೇನೈತೆ ಇದ್ರಲ್ಲಿ?”

“ಮುಟ್ರಪ್ಪಾ” ಎಂದರು ಜಯಮ್ಮ, ಮೆಲ್ಲಗೆ. “ಮಕ್ಳೇ ಮುಟ್ಟವ್ರೆ. ನಿಮ್ಮ ನಾದ್ನಿ ಇಸ್ಯ ಒಂದ್ ಮಾತ್ ಏಳ್ಬುಟ್ಟು ಮುಂದಕ್ ಕೊಡಿ.”

ಮಕ್ಕಳು ಕಿಸಕ್ಕನೆ ನಕ್ಕವು. ಅಧ್ಯಕ್ಷರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಫೋನ್ ಬಂದಿರಲಿಲ್ಲ. ಶ್ರೀಕಂಠಯ್ಯನವರು ಜೇಬಿನಿಂದ ಕರವಸ್ತ್ರ ತೆಗೆದು, ಕಾಯಿಯನ್ನು ಅದರಲ್ಲಿ ಹಿಡಿದು, ಚರ್ಮಕ್ಕೆ ತಾಗದ ಹಾಗೆ ಜಯಮ್ಮನಿಗೆ ದಾಟಿಸಿದರು. ಆಗ ನನಗೆ ಅರ್ಥವಾಯಿತು, ಇದು ಸುತ್ತಲ್ಲ, ಆಣೆ ಎಂದು.

ಜಯಮ್ಮ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡರು. ಜೋರು ಬಾಯಿಯ ಹೆಂಗಸು, ಕೂಗಾಡುತ್ತಾರೆಂದು ಎಲ್ಲರೂ ಕಾದಿದ್ದರು.

“ಬೆಂದ್ ಮ್ಯಾಕೆ ನಾನು ನಾಲ್ಗೆಗಿಟ್ಟು ನೋಡ್ದೆ, ಸರ್ಯಾಗಿತ್ತು. ಆಮ್ಯಾಕೆ ನೋಡುದ್ರೆ ಉಪ್ಪಿನ ಪ್ಯಾಕೆಟ್ಟು ಅರ್ಧ ಖಾಲಿ. ಮರ್ತು ಇನ್ನೊಂದ್ ಸಲ ಸುರ್ದಿವ್ನಿ ಕಣವ್ವ. ನಂಗೆ ಅರಳುಮರುಳು ಸುರುವಾಗೈತೆ. ನಮ್ಮವ್ವಂಗೂ ಇಂಗೇ ಆಗಿತ್ತು. ನೋಟೀಸೇನ್ ಬ್ಯಾಡಿ ಸಾ, ಸ್ವಾಮಾರದಿಂದ ನಾನೇ ಬರಾಕಿಲ್ಲ. ಮಕ್ಳು ಅಸ್ಕಂಡ್ ಓದ್ವಲ್ಲ, ಅದೊಂದೇ ಸಂಕ್ಟ.”

ಆ ಕಡೆಯಿಂದ ಪವಿತ್ರ ಎಂಬ ಹುಡುಗಿ ಎದ್ದು ಬಂದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ. ಜಯಮ್ಮನ ಮಡಿಲಿನಿಂದ ಕಾಯಿ ಕಿತ್ತುಕೊಂಡಳು.

“ನಿಂಗೇನೂ ಆಗಿಲ್ಲ ಕಣತ್ತೆ. ನೀನ್ ಆಚ್ಗೆ ಓಗಿದ್ದಾಗ ಉಪ್ಪು ಸುರ್ದಿದ್ದು ನಾನು.”

“ಯಾಕೆ ಮಗಾ?” ಜಯಮ್ಮನಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು.

“ಬುಧವಾರ ಮೂರ್ನೇ ಸಲ ಅನ್ನ ಆಕುಸ್ಕಳಕ್ ಬಂದಾಗ ಎಲ್ರ ಮುಂದೆ ಅಂದ್ಯಲ್ಲ ನೀನು, ‘ಯಾಕೆ, ನಿಮ್ಮವ್ವ ಮನೇಲಿ ಒಲೆ ಅಚ್ಚಾಕಿಲ್ವಾ’ ಅಂತ. ಅಚ್ಚಾಕಿಲ್ಲ. ನಮ್ಮವ್ವ ಆಸನದ ಆಸ್ಪತ್ರೇಲಿ ಬಿದ್ದು ಇಪ್ಪತ್ ದಿನ ಆಯ್ತು.”

ಜಯಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. ನಾನು ಆ ಹುಡುಗಿಗೆ ದಿನಾ ಪಾಠ ಮಾಡುತ್ತಿದ್ದೆ. ಇಪ್ಪತ್ತು ದಿನ ಹಾಜರಿ ಕೂಗಿದ್ದೆ. ಮೂರು ಸಲ ಅನ್ನ ಹಾಕಿಸಿಕೊಳ್ಳುವ ಮಗುವನ್ನು ಅಡುಗೆಯವರಾದರೂ ಗಮನಿಸಿದ್ದರು, ತಪ್ಪಾಗಿಯಾದರೂ. ನಾನು ಅಷ್ಟನ್ನೂ ಗಮನಿಸಿರಲಿಲ್ಲ.

ನನ್ನ ಲೆಕ್ಕಾಚಾರ ಫಲಿಸಿತ್ತು. ಮಗು ಒಪ್ಪಿಕೊಂಡಿತ್ತು, ಜಯಮ್ಮ ಉಳಿದಿದ್ದರು. ಶ್ರೀಕಂಠಯ್ಯನವರು ಕರವಸ್ತ್ರ ಮಡಚುತ್ತ, “ಸರಿ, ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸಿದರಾಯಿತು” ಎಂದರು. ಪವಿತ್ರ ಕಾಯಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಸುತ್ತ ನೋಡಿದಳು. ಆಮೇಲೆ ನೇರ ಬಂದು ನನ್ನ ಕೈಯಲ್ಲಿಟ್ಟಳು.

ಇಟ್ಟಮೇಲೆ ಏನು ಮಾಡುವುದು? ಅರ್ಚಕರ ಮಗಳಾದರೂ ಅಷ್ಟೇ, ವಿಜ್ಞಾನದ ಟೀಚರಾದರೂ ಅಷ್ಟೇ, ಇಪ್ಪತ್ತಾರು ಮಕ್ಕಳ ನಂಬಿಕೆ ಮೆತ್ತಿದ ಕಾಯಿ ತೂಕವಾಗಿಯೇ ಇರುತ್ತದೆ.

“ಗುರುವಾರ ನಾನು ರುಚಿ ನೋಡಿರಲಿಲ್ಲ. ನೋಡಿದ್ದರೆ ಬಡಿಸೋ ಮೊದಲೇ ಗೊತ್ತಾಗ್ತಿತ್ತು. ಯಾರೂ ಹಸಿದಿರ್ತಿರಲಿಲ್ಲ, ಜಯಮ್ಮನ ಮೇಲೆ ಹೇಳೋಕೂ ಆಗ್ತಿರಲಿಲ್ಲ. ವಹೀಲಿರೋದು ಸುಳ್ಳು. ಶನಿವಾರದ್ದೂ ಸೇರಿಸಿ.”

“ಶನಿವಾರದ್ದೂ?” ಎಂದರು ಶ್ರೀಕಂಠಯ್ಯನವರು. ಅವರ ಧ್ವನಿಯಲ್ಲಿ ನೋವಿತ್ತು. ವಹಿಯ ಬಗ್ಗೆ.

ಪಕ್ಕದಿಂದ ಮಂಜುನಾಥ, “ಮಿಸ್, ನಾಳೆ ಉಪ್ಪಿಟ್ಟು ಎಂಗೈತೆ ಮಿಸ್?” ಎಂದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಜಯಮ್ಮನೂ ನಕ್ಕರು. ನಾನು ನಗಲಿಲ್ಲ. ನಾಲ್ಕನೇ ಪ್ರಶ್ನೆ ಬಾಕಿ ಇತ್ತು, ಮತ್ತು ಕೇಳಬೇಕಾದವಳೇ ಉತ್ತರ ಹೇಳಬೇಕಾದವಳು.

ಉತ್ತರ ಹೇಳಿದವರು ಜಯಮ್ಮ. “ಟೀಸಿ ಗೀಸಿ ಬ್ಯಾಡ ಸಾ. ಈ ಮಗ ಒಂದ್ ತಿಂಗ್ಳು ಬಡ್ಸಾಕ್ ಮುಂಚೆ ನನ್ ಪಕ್ಕ ನಿಂತ್ಕಂಡ್ ರುಚಿ ನೋಡ್ಲಿ. ಸಂಜೆ ಬುತ್ತಿ ನಮ್ಮನೇಲಿ ಕಟ್ತೀನಿ, ಅವ್ರವ್ವ ಬರಗಂಟ. ಮೇಡಮ್ನೋರೂ ದಿನಾ ಬರ್ಲಿ. ಮಂಡಿ ನೋವಂದ್ರೆ ಕುರ್ಚಿ ಆಕ್ಸ್ತೀನಿ.” ಆಮೇಲೆ ಪವಿತ್ರಳ ಕಡೆ ತಿರುಗಿ, “ನಾನಂದಿದ್ದು ತಪ್ಪು ಕಣವ್ವಾ” ಎಂದರು. ಇಡೀ ಸುತ್ತಿನಲ್ಲಿ ತಪ್ಪು ಎಂಬ ಮಾತನ್ನು ಹಾಗೆ ನೇರವಾಗಿ ಹೇಳಿದ ದೊಡ್ಡವರು ಅವರೊಬ್ಬರೇ. ನಾನು ಕೂಡ ‘ನೋಡಿರಲಿಲ್ಲ’ ಎಂದಿದ್ದೆನೇ ಹೊರತು ತಪ್ಪು ಎಂದಿರಲಿಲ್ಲ. ಆಗ ಹೇಳಿದೆ.

ಅವತ್ತು ಪೂಜೆಗೆ ಬೇರೆ ಕಾಯಿ ತರಿಸಬೇಕಾಯಿತು. ಆಣೆ ಹಿಡಿದ ಕಾಯಿ ದೇವರಿಗೆ ನಡೆಯುವುದಿಲ್ಲವಂತೆ. ಗಣಿತ ಮೇಷ್ಟ್ರು ಒಂದು ವಾರ ಮಂಜುನಾಥನಿಂದ ಬೈಕಿಗೆ ಪಂಪು ಹೊಡೆಸಿದರು. ಅಧ್ಯಕ್ಷರು ಒಂದು ತಿಂಗಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಮತ್ತೆ ಸುತ್ತು ಕೂರಿಸಿದಾಗಲೆಲ್ಲ ನಾನು ಮನೆಯಿಂದ ಒಂದು ಬಟ್ಟೆ ಚೆಂಡು ಒಯ್ಯುತ್ತಿದ್ದೆ. ಮಕ್ಕಳು ಅದನ್ನು ಹಿಡಿದು ಸರಾಗವಾಗಿ ಸುಳ್ಳು ಹೇಳುತ್ತಿದ್ದರು. ಅದೂ ಸರಿಯೇ. ಹೆದರಿಸಿ ನಿಜ ಹೇಳಿಸುವುದಾದರೆ ಹಳೆಯ ಕೋಲೇ ಸಾಕಾಗಿತ್ತಲ್ಲ. ಚೆಂಡು ಹಿಡಿದು ಒಂದು ದಿನ ಸುಳ್ಳು ಹೇಳಿದವರು ನಾಲ್ಕು ದಿನ ಬಿಟ್ಟು ತಾವಾಗಿ ಬಂದು ನಿಜ ಹೇಳಿದ್ದೂ ಉಂಟು. ಹೇಳದೇ ಹೋದದ್ದೂ ಉಂಟು.

ನೋಟಿಸು ಬಂದದ್ದು ನನಗೆ. ಶ್ರೀಕಂಠಯ್ಯನವರು ಟೈಪಾಗಿದ್ದ ಹಾಳೆ ಕೆಡಿಸಲು ಮನಸ್ಸಾಗದೆ, ಜಯಮ್ಮನ ಹೆಸರಿಗೆ ಗೆರೆ ಎಳೆದು ನನ್ನ ಹೆಸರು ಬರೆದಿದ್ದರು. ಹಾಗಾಗಿ ಸಾಂಬಾರಿಗೆ ಮಿತಿಮೀರಿ ಉಪ್ಪು ಹಾಕಿದ್ದೇಕೆ ಎಂದು ವಿಜ್ಞಾನ ಶಿಕ್ಷಕಿಯಿಂದ ಲಿಖಿತ ವಿವರಣೆ ಕೇಳಲಾಗಿದೆ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಬಂದ ಒಂದೇ ನೋಟಿಸು ಅದು. ಸ್ವಯಂ ನಿವೃತ್ತಿ ತೆಗೆದುಕೊಂಡು ಬರುವಾಗ ಅದರ ನಕಲು ಕೇಳಿ ತಂದೆ. ಶಾಲು, ಹಾರ ಎಲ್ಲಿವೆಯೋ ಗೊತ್ತಿಲ್ಲ, ಅದು ಬೀರುವಿನಲ್ಲಿದೆ. ಸಹನಾ, ಬಂದರೆ ತೋರಿಸುತ್ತೇನೆ.

ಪವಿತ್ರಳ ತಾಯಿ ಒಂದೂವರೆ ತಿಂಗಳಿಗೆ ಮನೆಗೆ ಬಂದರು. ಒಂದು ತಿಂಗಳೆಂದಿದ್ದ ರುಚಿ ನೋಡುವ ಕೆಲಸವನ್ನು ಪವಿತ್ರ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಬಿಡಲಿಲ್ಲ. ಹುಳಿ ಸಾಲದು, ಬೇಳೆ ಬೆಂದಿಲ್ಲ ಎಂದು ಜಯಮ್ಮನ ಪ್ರಾಣ ತಿಂದಳು. ಇವತ್ತು ಕಾಫಿ ಕುಡಿಯುತ್ತ ಜಯಮ್ಮ ಅದನ್ನೇ ಹೇಳಿ ನಗುತ್ತಿದ್ದರು. ಕೆಲಸ ಇನ್ನೂ ಇದೆ. ಅರಳುಮರುಳು ಇನ್ನೂ ಬಂದಿಲ್ಲವಂತೆ.

ಅವರು ತಂದ ಕಾಯಿ ಒಂದನ್ನು ಒಡೆದು ರಾತ್ರಿಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಮಾಡಿದೆ. ತಟ್ಟೆ ಇಟ್ಟ ತಕ್ಷಣ ಯಜಮಾನರು ದಾರ ಸುತ್ತಿದ ಕನ್ನಡಕ ಏರಿಸಿಕೊಂಡು “ಚಟ್ನಿ ಚೆನ್ನಾಗಿದೆ ಕಣೇ” ಎಂದರು. ಇನ್ನೂ ರೊಟ್ಟಿ ಮುರಿದಿರಲಿಲ್ಲ. ನಾನು ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗಿಟ್ಟೆ. ಉಪ್ಪೇ ಹಾಕಿರಲಿಲ್ಲ, ಜಾಡಿ ಬಿಸಿಲಿನಲ್ಲಿಟ್ಟದ್ದು ಅಲ್ಲೇ ಉಳಿದಿತ್ತು. ಜಾಡಿ ತಂದು ಉಪ್ಪು ತುಂಬಿ, ಚಟ್ನಿಗೂ ಹಾಕಿದೆ. ಅವರು ಮೂರು ರೊಟ್ಟಿ, ನಾನು ಎರಡು. ಒಂಬತ್ತಕ್ಕೆಲ್ಲ ಅವರು ಮಲಗಿದರು, ನಾನು ಇಷ್ಟು ಬರೆದು ಮುಗಿಸಿದೆ.